ಹೆದರಿ ಕೊಂದವನು ನಿರಪರಾಧಿಯೋ?

ಒಬ್ಬನು ಹಗೆಯಿಂದ ಹೊಂಚುಹಾಕಿ ಇನ್ನೊಬ್ಬನನ್ನು ಕೊಂದರೆ ಅವನು ಕೊಲೆಗಾರನೆಂದು ಹೇಳುವದಕ್ಕೆ ನಮ್ಮಲ್ಲಿ ಯಾರೂ ಹಿಂದೆಗೆಯುವದಿಲ್ಲ. ಸೌದೆ ಒಡೆಯುತ್ತಿದ್ದವನ ಕೊಡಲಿಯು ಕಾವಿನಿಂದ ಕಳಚಿ ಪಕ್ಕದಲ್ಲಿದ್ದವನಿಗೆ ತಗಲಿ ಅವನು ಸತ್ತರೆ, ಅದು ಕೊಲೆಯಲ್ಲವೆಂದೂ ಎಲ್ಲರೂ ಒಪ್ಪುವರು. ಇವೆರಡರ ನಡುವೆ ಮೂರನೆಯದೊಂದು ಸಂಗತಿ ಉಂಟು. ಒಬ್ಬನು ತನ್ನ ಮಕ್ಕಳನ್ನೂ ಕೇರಿಯನ್ನೂ ಕಾಯಬೇಕೆಂಬ ಮನಸ್ಸಿನಿಂದಲೇ ಹೊರಟು, ಗುರುತಿಲ್ಲದವನೊಬ್ಬನನ್ನು ಕಂಡು ಹೆದರಿ, ಆ ಹೆದರಿಕೆಯಲ್ಲಿ ಅವನನ್ನು ಹೊಡೆಯುತ್ತಾನೆ, ಹೊಡೆಸಿಕೊಂಡವನು ಸಾಯುತ್ತಾನೆ, ಸತ್ತವನು ಕಳ್ಳನಲ್ಲವೆಂದು ಆಮೇಲೆ ತಿಳಿಯುತ್ತದೆ. ಆಗ ಹೊಡೆದವನು, “ನನಗೆ ಕೊಲ್ಲುವ ಉದ್ದೇಶವಿರಲಿಲ್ಲ, ನಾನು ಹೆದರಿದ್ದೆನು” ಅನ್ನುತ್ತಾನೆ. ಅವನು ಹೇಳುವದು ನಿಜವೇ ಆಗಿರಬಹುದು. ಹಾಗಾದರೆ ಅವನು ನಿರಪರಾಧಿಯೋ? ವಾಚಕರೇ, ಈ ಪ್ರಶ್ನೆಯನ್ನು ಈ ತಿಂಗಳು ನಿಮ್ಮೊಂದಿಗೆ ಕೂಡಿ ವಿಚಾರಿಸಬೇಕೆಂದಿದ್ದೇವೆ.

ಇದು ನ್ಯಾಯಸ್ಥಾನದವರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ತಿಳಿಯಬೇಡಿರಿ. ಮೈಸೂರಿನ ಕುಂಬಾರಕೊಪ್ಪಲನ್ನು ನೋಡಿರಿ. ಹೆಸರೇ ಹೇಳುವಂತೆ ಅದು ಕುಂಬಾರರ ಕೊಪ್ಪಲು. ಒಂದು ಕಾಲದಲ್ಲಿ ಪಟ್ಟಣದ ಹೊರಗಿದ್ದ ಹಳ್ಳಿ. ಪಟ್ಟಣವು ಬೆಳೆಬೆಳೆಯುತ್ತಾ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಹಳ್ಳಿಯಲ್ಲಾದರೆ ದೀಪ ಹಚ್ಚಿದ ಮೇಲೆ ಬೀದಿಯಲ್ಲಿ ಹೋಗುವವನು ಯಾರ ಮಗನು, ಯಾರ ಮನೆಯ ಅಳಿಯನು ಎಂಬದು ಜಗಲಿಯ ಮೇಲೆ ಕೂತವರಿಗೆಲ್ಲಾ ಗೊತ್ತಿರುವದು. ಪಟ್ಟಣ ಬಂದು ಸೇರಿದ ಮೇಲೆ ಹಾಗಲ್ಲ. ಬಾಡಿಗೆಯ ಮನೆಗಳಿಗೆ ಬರುವವರು, ರಾತ್ರಿಯ ಪಾಳಿ ಮುಗಿಸಿ ಹೋಗುವವರು, ಕಟ್ಟಡದ ಕೆಲಸಕ್ಕೆ ದೂರದ ಸೀಮೆಗಳಿಂದ ಬಂದು ನಮ್ಮ ಭಾಷೆಯನ್ನರಿಯದವರು, ಇವರೆಲ್ಲರೂ ಅದೇ ಬೀದಿಯಲ್ಲಿ ನಡೆಯುತ್ತಾರೆ. ಇಂಥ ಕೇರಿಯಲ್ಲಿ ಒಂದು ವಾರದೊಳಗೆ ಎರಡು ಕಳವುಗಳಾದವೆಂದು ಇಟ್ಟುಕೊಳ್ಳೋಣ. ಯುವಕರು ಕೂಡಿ ಗಸ್ತು ತಿರುಗುವದಕ್ಕೆ ಹೊರಡುವರು. ಅದು ತಪ್ಪಲ್ಲ; ನೆರೆಯವನು ನಿದ್ದೆಮಾಡುವಂತೆ ತಾನು ಎಚ್ಚರವಾಗಿರುವದು ಒಳ್ಳೆಯ ಕೆಲಸವೇ. ಆದರೆ ಕೈಯಲ್ಲಿ ಕೋಲಿದೆ. ಮನಸ್ಸಿನಲ್ಲಿ ಕಳ್ಳನ ಚಿತ್ರವಿದೆ. ಎದುರಿನಿಂದ ಒಬ್ಬನು ಬರುತ್ತಾನೆ. ಆ ಒಂದು ಗಳಿಗೆಯಲ್ಲಿ ಏನಾಗುವದೆಂಬದು ಕುಂಬಾರಕೊಪ್ಪಲಿಗೂ ನಮ್ಮ ನಿಮ್ಮ ಊರುಗಳಿಗೂ ಒಂದೇ.

ಏನಾಗಬಹುದೆಂಬದಕ್ಕೆ ನಮ್ಮ ರಾಜ್ಯದಲ್ಲಿಯೇ ನಡೆದ ಎರಡು ಸಂಗತಿಗಳನ್ನು ಹೇಳುತ್ತೇವೆ. 2018ನೆಯ ಇಸವಿಯ ಬೇಸಿಗೆಯಲ್ಲಿ, ಮಕ್ಕಳನ್ನು ಕದಿಯುವವರ ಗುಂಪು ಬಂದಿದೆಯೆಂಬ ಸುಳ್ಳು ಸುದ್ದಿಯು ವಾಟ್ಸಾಪಿನ ಮೂಲಕ ಊರಿಂದೂರಿಗೆ ಹರಡಿತು. ಅದರೊಂದಿಗೆ ಚಲಿಸುವ ಚಿತ್ರವೊಂದನ್ನೂ ಕಳುಹಿಸುತ್ತಿದ್ದರು. ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವದನ್ನು ಅದರಲ್ಲಿ ಕಾಣಬಹುದಾಗಿತ್ತು. ನೋಡಿದ ತಾಯಂದಿರು ನಡುಗಿದರು. ಆದರೆ ಆ ಚಿತ್ರವು ನಮ್ಮ ದೇಶದ್ದೇ ಅಲ್ಲ. ಮಕ್ಕಳ ವಿಷಯದಲ್ಲಿ ಎಚ್ಚರದಿಂದಿರಬೇಕೆಂದು ಜನರಿಗೆ ಬೋಧಿಸುವದಕ್ಕಾಗಿ ಪಾಕಿಸ್ತಾನದ ಕರಾಚಿ ಪಟ್ಟಣದಲ್ಲಿ ಮಾಡಿದ ಪ್ರದರ್ಶನವದು. ಅದರ ಕೊನೆಯಲ್ಲಿ ಆ ಸವಾರರೇ ತಿರುಗಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಮಾತುಗಳನ್ನು ಬರೆದ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಹರಡಿದರು. ಮಕ್ಕಳನ್ನು ಉಳಿಸುವದಕ್ಕಾಗಿ ಮಾಡಿದ್ದು ಮನುಷ್ಯರನ್ನು ಕೊಲ್ಲಿಸುವದಕ್ಕೆ ಸಾಧನವಾಯಿತು.

ಆ ವರುಷದ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯ ಸೀಮೆಯಲ್ಲಿ, ರಾಜಸ್ಥಾನದಿಂದ ಕೆಲಸವನ್ನರಸಿ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಭಾವಿಸಿ ಜನರು ಹಿಡಿದು, ಕಟ್ಟಿ, ಬೀದಿಯಲ್ಲಿ ಎಳೆದು ಹೊಡೆದರು, ಅವನು ಸತ್ತನು. ಜುಲೈ 13ರಂದು ಹೈದರಾಬಾದಿನ ಕೆಲವು ಗೆಳೆಯರು ಕಾರಿನಲ್ಲಿ ಬೀದರ ಜಿಲ್ಲೆಗೆ ಬಂದಿದ್ದರು. ದಾರಿಯಲ್ಲಿ ನಿಂತಾಗ ಅವರಲ್ಲೊಬ್ಬನು ಶಾಲೆಯ ಮಕ್ಕಳಿಗೆ ಚಾಕಲೇಟುಗಳನ್ನು ಕೊಟ್ಟನು. ಕಂಡವರು ಸಂಶಯಪಟ್ಟು ಸುತ್ತುಗಟ್ಟಿದರು. ಮಾತಿಗೆ ಮಾತು ಬೆಳೆಯಲು, ಬಂದವರು ಹೆದರಿ ಕಾರನ್ನು ಓಡಿಸಿಕೊಂಡು ಹೋದರು. ಅವರಿಗಿಂತ ಮುಂಚೆ ಸುದ್ದಿಯು ಮುಂದಿನ ಊರಾದ ಮುರ್ಕಿಗೆ ತಲಪಿತು. ಅಲ್ಲಿಯವರು ದಾರಿಗೆ ಅಡ್ಡಗಟ್ಟಿದರು. ಕಾರು ಹಳ್ಳಕ್ಕೆ ಬಿತ್ತು. ಜನರು ಅದರೊಳಗಿದ್ದವರನ್ನು ಎಳೆದು ಹೊಡೆದರು. ಬಿಡಿಸುವದಕ್ಕೆ ಹೋದ ಪೊಲೀಸಿನವರಿಗೂ ಗಾಯಗಳಾದವು. ಉಳಿದವರು ಬಹು ಕಷ್ಟದಿಂದ ಬದುಕಿಕೊಂಡರು. ಒಬ್ಬ ಯುವಕನು, ಕಂಪ್ಯೂಟರಿನ ಕೆಲಸದಲ್ಲಿದ್ದ ಇಂಜಿನಿಯರನು, ಸತ್ತನು.

ಮುರ್ಕಿಯಲ್ಲಿ ಯಾರು ಯಾರಿಗೆ ಹೆದರಿದರೆಂಬದನ್ನು ಗಮನಿಸಿರಿ. ಊರಿನವರು ಕಾರಿನವರಿಗೆ ಹೆದರಿದರು. ಕಾರಿನವರು ಊರಿನವರಿಗೆ ಹೆದರಿದರು. ಹೆದರಿದವನು ಓಡುತ್ತಾನೆ, ಓಡುವವನನ್ನು ಕಂಡವನು, ತಪ್ಪುಮಾಡದವನು ಯಾಕೆ ಓಡಬೇಕು ಅನ್ನುತ್ತಾನೆ. ಹೀಗೆ ಒಬ್ಬನ ಭಯವೇ ಇನ್ನೊಬ್ಬನ ಕಣ್ಣಿಗೆ ಸಾಕ್ಷಿಯಾಗುತ್ತದೆ. ಓಟವು ಅಪರಾಧದ ಗುರುತಲ್ಲ. ಹತ್ತು ಮಂದಿ ಕೋಲು ಹಿಡಿದು ಬಂದರೆ ನಾವೂ ಓಡುವೆವು.

ಈಗ ಪ್ರಶ್ನೆಗೆ ಬರೋಣ. ಹೊಡೆದವರಲ್ಲಿ ಅನೇಕರು ಮಕ್ಕಳಿಗಾಗಿ ನಿಜವಾಗಿ ಹೆದರಿದ್ದರೆಂದೇ ಒಪ್ಪಿಕೊಳ್ಳೋಣ. ಭಯವು ಬಂದದ್ದಕ್ಕಾಗಿ ಒಬ್ಬನನ್ನು ದೂರುವದು ನ್ಯಾಯವಲ್ಲ. ಯಾಕಂದರೆ ಭಯವು ನಮ್ಮ ಅಪ್ಪಣೆ ಕೇಳಿ ಬರುವದಿಲ್ಲ. ಆದರೆ ಬಂದ ಭಯವನ್ನು ಏನು ಮಾಡಿದಿರಿ ಎಂಬದು ಬೇರೆ ಪ್ರಶ್ನೆ.

ಮೋಶೆಯ ಧರ್ಮಶಾಸ್ತ್ರದಲ್ಲಿ ಇದಕ್ಕೆ ಸಂಬಂಧಪಟ್ಟ ಎರಡು ವಿಧಿಗಳುಂಟು. ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿ ಕನ್ನಕೊರೆಯುವ ಕಳ್ಳನ ವಿಷಯವಿದೆ. ಅವನು ರಾತ್ರಿಯಲ್ಲಿ ಸಿಕ್ಕಿ ಏಟು ತಿಂದು ಸತ್ತರೆ ಹೊಡೆದವನ ಮೇಲೆ ರಕ್ತಾಪರಾಧವಿಲ್ಲ. ಹೊತ್ತು ಹುಟ್ಟಿದ್ದರೆ ರಕ್ತಾಪರಾಧ ಉಂಟು. ಕಳ್ಳನು ಅದೇ ಕಳ್ಳನು, ಮನೆಯು ಅದೇ ಮನೆಯು. ಹೊತ್ತು ಮಾತ್ರ ಬೇರೆ. ಈ ಭೇದವೇಕೆ? ಕತ್ತಲೆಯಲ್ಲಿ ಬಂದವನು ಕದಿಯಲು ಬಂದನೋ ಕೊಲ್ಲಲು ಬಂದನೋ ಕಾಣಿಸದು, ಕೂಗಿದರೆ ನೆರವು ಒದಗದು. ಹಗಲಿನಲ್ಲಿ ಮುಖವನ್ನು ನೋಡಬಹುದು, ನೆರೆಯವರನ್ನು ಕರೆಯಬಹುದು. ಆದಕಾರಣ, ನೋಡಲು ಬೆಳಕಿದ್ದವನಿಗೆ ಕುರುಡನ ಮನ್ನಣೆಯಿಲ್ಲವೆಂದು ನಮಗೆ ತೋರುತ್ತದೆ. ಹಗಲಿನಲ್ಲಿ ನಿಜವಾದ ಕಳ್ಳನ ಪ್ರಾಣಕ್ಕೂ ಆ ವಿಧಿಯು ಬೇಲಿಹಾಕಿತು. ಬೆಂಗಳೂರಿನ ಸಂಗತಿಯೂ ಮುರ್ಕಿಯ ಸಂಗತಿಯೂ ಹಗಲಿನಲ್ಲಿಯೇ ನಡೆದವು. ಸತ್ತವರು ಕಳ್ಳರೂ ಅಲ್ಲ.

ಎರಡನೆಯದು ಆಶ್ರಯನಗರಗಳ ವಿಧಿ. ಹಗೆಯಿಲ್ಲದೆ, ತಿಳಿಯದೆ ಒಬ್ಬನನ್ನು ಕೊಂದವನು ಓಡಿಹೋಗಿ ಸೇರಿಕೊಳ್ಳುವದಕ್ಕೆ 6 ಪಟ್ಟಣಗಳನ್ನು ನೇಮಿಸಿದ್ದರು. ಸಭೆಯವರು ವಿಚಾರಣೆ ಮಾಡಿ, ಇವನಲ್ಲಿ ಹಗೆಯಿರಲಿಲ್ಲವೆಂದು ಕಂಡರೆ ಅವನ ಪ್ರಾಣವು ಉಳಿಯುತ್ತಿತ್ತು. ಆದರೆ ಅವನನ್ನು ಮನೆಗೆ ಕಳುಹಿಸಲಿಲ್ಲ. ಮಹಾಯಾಜಕನು ಸಾಯುವ ವರೆಗೆ ಅವನು ತನ್ನ ಹೊಲವನ್ನೂ ಊರನ್ನೂ ಬಿಟ್ಟು ಆ ಪಟ್ಟಣದಲ್ಲಿಯೇ ಇರಬೇಕಾಗಿತ್ತು. ಕೊಲೆಗಾರನಲ್ಲದವನು ಕೂಡಲೆ ನಿರಪರಾಧಿಯಾಗಿಬಿಡುವದಿಲ್ಲ ಎಂಬದು ಇದರ ತಾತ್ಪರ್ಯ. ಕೊಲ್ಲುವ ಮನಸ್ಸಿಲ್ಲದೆ ಕೊಂದರೂ ಒಬ್ಬ ಮನುಷ್ಯನು ಸತ್ತಿದ್ದಾನೆ. ಆ ಸಾವಿಗೆ ಲೆಕ್ಕವೊಂದು ಉಳಿಯುತ್ತದೆ.

ನಮ್ಮ ದೇಶದ ಕಾನೂನಾದರೋ ಈ ವಿಷಯದಲ್ಲಿ ಏನು ಹೇಳುತ್ತದೆ? 1860ನೆಯ ಇಸವಿಯ ದಂಡಸಂಹಿತೆಯಲ್ಲಿದ್ದ ನಿಯಮಗಳೇ 2024ನೆಯ ಇಸವಿ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಬಹುಮಟ್ಟಿಗೆ ಉಳಿದಿವೆ. ಪ್ರತಿಯೊಬ್ಬನಿಗೂ ತನ್ನ ದೇಹವನ್ನೂ ಪರರ ದೇಹವನ್ನೂ ಸ್ವತ್ತನ್ನೂ ಕಾಪಾಡಿಕೊಳ್ಳುವ ಹಕ್ಕುಂಟು. ಆದರೆ ಅಧಿಕಾರಿಗಳ ರಕ್ಷಣೆಯನ್ನು ಪಡೆಯುವದಕ್ಕೆ ಸಮಯವಿದ್ದಲ್ಲಿ ಆ ಹಕ್ಕಿಲ್ಲ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಕೇಡನ್ನು ಮಾಡುವ ಹಕ್ಕು ಎಂದೂ ಇಲ್ಲ. ಸಂಗತಿಯನ್ನು ತಪ್ಪಾಗಿ ತಿಳಿದು ಸದ್ಭಾವದಿಂದ ನಡೆದವನಿಗೆ ಮನ್ನಣೆಯುಂಟು; ಆದರೆ ತಕ್ಕ ಎಚ್ಚರಿಕೆಯೂ ಗಮನವೂ ಇಲ್ಲದೆ ನಂಬಿದ್ದನ್ನು ಕಾನೂನು ಸದ್ಭಾವವೆಂದು ಕರೆಯುವದೇ ಇಲ್ಲ. ಈ ಕೊನೆಯ ಮಾತು ಬಹು ತೂಕವುಳ್ಳದ್ದು. “ನಾನು ನಂಬಿದೆನು” ಎಂದರೆ ಸಾಲದು. ನಂಬುವ ಮೊದಲು ಏನು ವಿಚಾರಿಸಿದಿ ಎಂದು ಕಾನೂನು ಕೇಳುತ್ತದೆ.

ಇದಕ್ಕೆ ವಿರೋಧವಾಗಿ ಒಂದು ಪ್ರಸಿದ್ಧವಾದ ತೀರ್ಪನ್ನು ಕೆಲವರು ತೋರಿಸಬಹುದು. ಒರಿಸ್ಸಾದಲ್ಲಿ, ಬಿಟ್ಟುಹೋಗಿದ್ದ ವಿಮಾನನಿಲ್ದಾಣವೊಂದರ ಬಳಿ ದೆವ್ವಗಳಿವೆಯೆಂಬ ಮಾತಿತ್ತು. ರಾತ್ರಿಯಲ್ಲಿ ಅಲ್ಲಿ ಮಿನುಗುವ ಬೆಳಕನ್ನೂ ಅದರ ಸುತ್ತಲೂ ಆಡುವ ಆಕಾರಗಳನ್ನೂ ಕಂಡು, ಒಬ್ಬ ನೇಪಾಳಿ ಸೇವಕನು ಅವು ದೆವ್ವಗಳೆಂದು ನಂಬಿ ಖುಕ್ರಿಯಿಂದ ಬೀಸಿದನು. ಅವರು ದೀಪ ಹಿಡಿದು ಇಪ್ಪೆಯ ಹೂಗಳನ್ನು ಆರಿಸುತ್ತಿದ್ದ ಹೆಂಗಸರು; ಒಬ್ಬಳು ಸತ್ತಳು. ಇನ್ನಷ್ಟು ಎಚ್ಚರದಿಂದ ನೋಡಿದ್ದರೆ ನಿಜವು ತಿಳಿಯುತ್ತಿತ್ತೆಂದು ಸರಕಾರದ ಪಕ್ಷದವರು ವಾದಿಸಿದರೂ, 1959ನೆಯ ಇಸವಿಯಲ್ಲಿ ಒರಿಸ್ಸಾ ಉಚ್ಚ ನ್ಯಾಯಾಲಯವು ಅವನ ಬಿಡುಗಡೆಯನ್ನು ಸ್ಥಿರಪಡಿಸಿತು. ಅವನ ಮನಸ್ಸಿನಲ್ಲಿ ಎದುರಿಗಿದ್ದದ್ದು ಮನುಷ್ಯರೇ ಅಲ್ಲವಷ್ಟೆ. ಆ ತೀರ್ಪನ್ನು ನಾವು ದೂರುವದಿಲ್ಲ. ಆದರೆ ನ್ಯಾಯಸ್ಥಾನವು ಕೇಳುವದು, ಇವನನ್ನು ಶಿಕ್ಷಿಸಬಹುದೋ ಎಂದು. ಮನಸ್ಸಾಕ್ಷಿಯು ಕೇಳುವದು, ನಾನು ಮಾಡಬಹುದಾಗಿದ್ದದ್ದನ್ನೆಲ್ಲಾ ಮಾಡಿದೆನೋ ಎಂದು. ಮೊದಲನೆಯ ಪ್ರಶ್ನೆಗೆ ಇಲ್ಲವೆಂದು ಉತ್ತರ ಬಂದ ಮಾತ್ರಕ್ಕೆ ಎರಡನೆಯದು ತೀರಿಹೋಗುವದಿಲ್ಲ. ಮೇಲಾಗಿ, ಅವನು ದೆವ್ವವೆಂದು ಹೊಡೆದನು. ನಾವು ಮನುಷ್ಯನೆಂದು ತಿಳಿದೇ ಹೊಡೆದರೆ ಅವನ ನೆವವೂ ನಮಗಿಲ್ಲ.

ಕಾವಲುಗಾರರ ವಿಷಯದಲ್ಲಿಯೇ ಲೋಕವೆಲ್ಲಾ ಚರ್ಚಿಸಿದ ಇನ್ನೊಂದು ವ್ಯಾಜ್ಯವುಂಟು. ಅಮೇರಿಕಾದ ಫ್ಲೋರಿಡಾ ಸಂಸ್ಥಾನದ ಸ್ಯಾನ್‌ಫರ್ಡ್ ಎಂಬ ಊರಿನಲ್ಲಿ 2012ನೆಯ ಇಸವಿ ಫೆಬ್ರವರಿ 26ರ ರಾತ್ರಿ, 17 ವರುಷದ ಕರಿಯ ಹುಡುಗನೊಬ್ಬನು ಅಂಗಡಿಯಿಂದ ತಿಂಡಿಯನ್ನು ಕೊಂಡುಕೊಂಡು ಮಳೆಯಲ್ಲಿ ನಡೆದು ಬರುತ್ತಿದ್ದನು. ಅವನ ಕೈಯಲ್ಲಿ ಆಯುಧವಿರಲಿಲ್ಲ. ಆ ಕೇರಿಯ ಕಾವಲಿಗೆ ತಾನಾಗಿ ನಿಂತಿದ್ದವನು ಅವನನ್ನು ಕಂಡು ಸಂಶಯಪಟ್ಟು ಪೊಲೀಸಿಗೆ ಫೋನು ಮಾಡಿದನು. ನೀನು ಹಿಂಬಾಲಿಸುವ ಅಗತ್ಯವಿಲ್ಲವೆಂದು ಅಲ್ಲಿಂದ ಉತ್ತರ ಬಂತು. ಅಷ್ಟರಲ್ಲಿ ಅವನು ಕಾರಿನಿಂದ ಇಳಿದಿದ್ದನು. ಸ್ವಲ್ಪ ಹೊತ್ತಿನಲ್ಲಿ ಇಬ್ಬರಿಗೂ ಹೊಡೆದಾಟವಾಗಿ, ಕಾವಲಿನವನು ಗುಂಡು ಹಾರಿಸಿದನು, ಹುಡುಗನು ಸತ್ತನು. ಮೊದಲು ಕೈಮಾಡಿದವರು ಯಾರೆಂಬದರಲ್ಲಿ ವಾದವಿತ್ತು; ಗುಂಡು ಹಾರಿಸಿದವನ ಮೂಗಿಗೂ ತಲೆಗೂ ಗಾಯಗಳಾಗಿದ್ದವು. ಪ್ರಾಣಭಯದಿಂದ ಹಾರಿಸಿದೆನೆಂದು ಅವನು ಹೇಳಿದನು. 2013ನೆಯ ಇಸವಿ ಜುಲೈ 13ರಂದು ಜೂರಿಯವರು ಅವನು ಅಪರಾಧಿಯಲ್ಲವೆಂದು ತೀರ್ಮಾನಿಸಿದರು.

ಆ ತೀರ್ಪು ಸರಿಯೋ ತಪ್ಪೋ ಎಂದು ಆ ದೇಶದವರು ಬಹಳವಾಗಿ ವಾದಿಸಿದರು. ನಮಗೆ ಬೇಕಾದ ಪಾಠವು ಬೇರೆ. ವ್ಯಾಜ್ಯದಲ್ಲಿ ಮುಖ್ಯವಾಗಿ ತೂಗಿದ್ದು ಕೊನೆಯ ಕ್ಷಣವನ್ನು: ಗುಂಡು ಹಾರಿಸಿದಾಗ ಅವನಿಗೆ ಪ್ರಾಣಭಯವಿತ್ತೋ ಇಲ್ಲವೋ ಎಂದು. ಇದ್ದಿತೆಂದೇ ಇಟ್ಟುಕೊಳ್ಳಿರಿ. ಆದರೆ ಆ ಕ್ಷಣಕ್ಕೆ ಮುಂಚೆ ಬೇರೆ ಕ್ಷಣಗಳಿದ್ದವು. ಹುಡುಗನನ್ನು ನೋಡಿದ ಕೂಡಲೆ ಇವನು ಕೆಟ್ಟವನೆಂದು ಎಣಿಸಿದ ಕ್ಷಣ. ಕಾರಿನ ಬಾಗಲನ್ನು ತೆರೆದ ಕ್ಷಣ. ಮಾತಾಡಿಸದೆ ಹಿಂದೆ ಹೋದ ಕ್ಷಣ. ಅವುಗಳಲ್ಲಿ ಅವನ ಪ್ರಾಣಕ್ಕೆ ಯಾರೂ ಕೈಯಿಕ್ಕಿರಲಿಲ್ಲ, ಕಾರಿನೊಳಗೆ ಕೂತಿರಬಹುದಾಗಿತ್ತು. ಮನೆಯೊಳಗಿದ್ದವನ ಬಳಿಗೆ ಭಯವು ತಾನೇ ಬರುವದು ಒಂದು. ನಾವೇ ಕೋಲು ಹಿಡಿದು ಭಯದ ಬಳಿಗೆ ನಡೆದುಹೋಗುವದು ಇನ್ನೊಂದು. ನಡೆದುಹೋಗಿ ತಂದುಕೊಂಡ ಭಯವು ನಿಜವಾದ ಭಯವೇ ಸರಿ, ಆದರೆ ಅದಕ್ಕೆ ಹೊಣೆಯು ನಮ್ಮದೇ. ಆದಕಾರಣ ಹೆದರಿ ಹೊಡೆದವನ ಲೆಕ್ಕವನ್ನು ಏಟಿನಿಂದ ಆರಂಭಿಸಬಾರದು. ಅವನು ಇಟ್ಟ ಮೊದಲನೆಯ ಹೆಜ್ಜೆಯಿಂದ ಆರಂಭಿಸಬೇಕು. ಇದೇ ನಮ್ಮ ಪ್ರಶ್ನೆಗೆ ಉತ್ತರವೆಂದು ನಮ್ಮ ಅಭಿಪ್ರಾಯ.

ಕುಂಬಾರನ ಕೆಲಸವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವದು. ತಿಗರಿಯ ಮೇಲಿರುವ ಮಣ್ಣು ಸೊಟ್ಟಗಾದರೆ ಅದನ್ನು ಮುದ್ದೆಮಾಡಿ ತಿರುಗಿ ಎತ್ತಬಹುದು. ಆವಿಗೆಯಲ್ಲಿ ಸುಟ್ಟ ಮೇಲೆ ಸೊಟ್ಟಗಾದ ಮಡಕೆಯು ಸೊಟ್ಟಗೇ ಇರುವದು. ಸಂಶಯವು ಹಸಿಯ ಮಣ್ಣು. ಅದನ್ನು ಎಷ್ಟು ಸಾರಿ ಬೇಕಾದರೂ ತಿದ್ದಿಕೊಳ್ಳಬಹುದು. ಏಟು ಬಿದ್ದ ಮೇಲೆ ತಿದ್ದುವದಕ್ಕಾಗದು.

ಗುಂಪಿನ ವಿಷಯದಲ್ಲಿ ಇನ್ನೊಂದು ಮೋಸವುಂಟು. ಐವತ್ತು ಮಂದಿ ಹೊಡೆದು ಒಬ್ಬನು ಸತ್ತರೆ, ಪ್ರತಿಯೊಬ್ಬನೂ, ನಾನು ಒಂದೇ ಏಟು ಕೊಟ್ಟೆನು, ಒಂದು ಏಟಿಗೆ ಯಾರೂ ಸಾಯುವದಿಲ್ಲ ಅನ್ನುತ್ತಾನೆ. ಹಾಗೆ ಉದ್ದೇಶವನ್ನು ಐವತ್ತು ಪಾಲು ಮಾಡಿದರೆ ಯಾರ ಪಾಲಿಗೂ ಕೊಲೆ ಬರುವದಿಲ್ಲ. ಆದರೆ ಹೆಣವು ಮಾತ್ರ ಪಾಲಾಗದೆ ಅಲ್ಲಿಯೇ ಬಿದ್ದಿರುವದು. ಕಾನೂನು ಈ ಲೆಕ್ಕವನ್ನು ಒಪ್ಪುವದಿಲ್ಲ. 5 ಮಂದಿಯಾಗಲಿ ಹೆಚ್ಚು ಮಂದಿಯಾಗಲಿ ಅಕ್ರಮವಾಗಿ ಕೂಡಿ, ಆ ಕೂಟದ ಸಮಾನ ಉದ್ದೇಶಕ್ಕಾಗಿ ಅವರಲ್ಲೊಬ್ಬನು ಅಪರಾಧ ಮಾಡಿದರೂ ಆಗ ಆ ಕೂಟದಲ್ಲಿದ್ದ ಪ್ರತಿಯೊಬ್ಬನೂ ಅದಕ್ಕೆ ಅಪರಾಧಿಯೇ. ಸಾಲವನ್ನು ಹಂಚಿಕೊಂಡರೆ ಕಡಿಮೆಯಾಗುವದು. ರಕ್ತಾಪರಾಧವನ್ನು ಹಂಚಿಕೊಂಡರೆ ಎಲ್ಲರ ಮೇಲೆಯೂ ಪೂರ್ತಿಯಾಗಿ ಬರುವದು. ಮನೆಯಲ್ಲಿ ಕೂತು, ನಿಜವೋ ಸುಳ್ಳೋ ನೋಡದೆ ಸುದ್ದಿಯನ್ನು ಮುಂದಕ್ಕೆ ಕಳುಹಿಸಿದವನು, ನಾನು ಅಲ್ಲಿರಲೇ ಇಲ್ಲವೆಂದು ಹೇಳಬಹುದು. ಆದರೆ ಮುರ್ಕಿಯಲ್ಲಿ ದಾರಿಗೆ ಅಡ್ಡ ಬಂದದ್ದು ಮೊದಲು ಸುದ್ದಿಯೇ, ಆಮೇಲೆ ಜನರು.

ಇಲ್ಲಿ ಒಬ್ಬ ತಂದೆಯು ಎದ್ದು ಕೇಳಬಹುದು: “ಅಯ್ಯಾ, ಇದೆಲ್ಲಾ ಸರಿ. ನಿಜವಾಗಿ ಕಳ್ಳನೇ ಬಂದು ನನ್ನ ಮಗುವಿನ ಕೈ ಹಿಡಿದರೆ ಶಾಸ್ತ್ರವನ್ನು ಓದುತ್ತಾ ಕೂತಿರಲೋ?” ಬೇಡ. ಮಗುವನ್ನು ಬಿಡಿಸಿಕೊಳ್ಳಿರಿ, ಅದಕ್ಕೆ ಬೇಕಾದಷ್ಟು ಬಲವನ್ನು ಉಪಯೋಗಿಸಿರಿ, ಅವನನ್ನು ಹಿಡಿಯಿರಿ. ಜಾಮೀನಿಲ್ಲದ ಘೋರ ಅಪರಾಧವನ್ನು ತನ್ನ ಕಣ್ಣೆದುರಿನಲ್ಲಿ ಮಾಡಿದವನನ್ನು ಹಿಡಿಯುವದಕ್ಕೆ ಸಾಮಾನ್ಯನಿಗೂ ಕಾನೂನು ಅಧಿಕಾರ ಕೊಟ್ಟಿದೆ. ಹಿಡಿದವನನ್ನು ತಡಮಾಡದೆ, 6 ಗಂಟೆಗಳೊಳಗಾಗಿ, ಪೊಲೀಸರಿಗೆ ಒಪ್ಪಿಸಬೇಕು. ಕಣ್ಣೆದುರಿನಲ್ಲಿ ಎಂಬ ಮಾತನ್ನು ನೆನಪಿನಲ್ಲಿಡಿರಿ. ಕೇಳಿದ ಮಾತು ಸಾಲದು. ಮತ್ತು ಹಿಡಿದ ಮೇಲೆ ಅವನು ನಮ್ಮ ಕೈಯಲ್ಲಿದ್ದಾನೆ. ಕೈಯಲ್ಲಿರುವವನಿಗೆ ಯಾರೂ ಹೆದರುವದಿಲ್ಲ. ಅಲ್ಲಿಂದ ಮುಂದೆ ಬೀಳುವ ಏಟುಗಳು ಭಯದ ಏಟುಗಳಲ್ಲ, ಸಿಟ್ಟಿನ ಏಟುಗಳು. ಸಿಟ್ಟಿಗೆ ಭಯದ ಹೆಸರನ್ನು ಕೊಡುವದು ಸುಳ್ಳು. ಕಟ್ಟಿದವನನ್ನು ಬೀದಿಯಲ್ಲಿ ಎಳೆದವರು ಹೆದರಿದ್ದೆವೆಂದು ಹೇಗೆ ಹೇಳುವರು?

ಕಾವಲೆಂದರೇನೆಂಬದನ್ನು ನಮ್ಮ ಹಿರಿಯರು ನಮಗಿಂತ ಚೆನ್ನಾಗಿ ತಿಳಿದಿದ್ದರೆಂದು ತೋರುತ್ತದೆ. ಈ ಸೀಮೆಯ ಹಳೆಯ ಗ್ರಾಮಗಳಲ್ಲಿ ಹನ್ನೆರಡು ಮಂದಿ ಆಯಗಾರರಿದ್ದರು. ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಕುಂಬಾರ ಮೊದಲಾದವರೊಂದಿಗೆ ತಳವಾರನೂ ಅವರಲ್ಲೊಬ್ಬನು. 1812ನೆಯ ಇಸವಿಯಲ್ಲಿ ಇಂಗ್ಲಂಡಿನ ಪಾರ್ಲಿಮೆಂಟಿಗೆ ಒಪ್ಪಿಸಿದ ಐದನೆಯ ವರದಿಯಲ್ಲಿ ದಕ್ಷಿಣದೇಶದ ತಳವಾರನ ಕೆಲಸಗಳನ್ನು ವಿವರಿಸಿದ್ದಾರೆ. ಅಪರಾಧಗಳ ಸುದ್ದಿಯನ್ನು ತಿಳುಕೊಳ್ಳುವದು ಒಂದು. ಒಂದು ಊರಿಂದ ಇನ್ನೊಂದು ಊರಿಗೆ ಪ್ರಯಾಣಮಾಡುವವರ ಸಂಗಡ ಹೋಗಿ ಅವರನ್ನು ಕಾಪಾಡುವದು ಇನ್ನೊಂದು. ಕಳ್ಳನನ್ನು ಪತ್ತೆಮಾಡುವವನೇ ದಾರಿಹೋಕನಿಗೆ ಬೆಂಗಾವಲು. ಗುರುತಿಲ್ಲದವನು ಊರಿಗೆ ಬಂದರೆ ತಳವಾರನಿಗೆ ಅವನಿಂದ ಊರನ್ನು ಕಾಯುವ ಹೊಣೆಯಿದ್ದಂತೆ, ಊರಿನಿಂದ ಅವನನ್ನು ಕಾಯುವ ಹೊಣೆಯೂ ಇತ್ತು. ನಮ್ಮ ಗಸ್ತಿನವರು ಈ ಎರಡನೆಯ ಕೆಲಸವನ್ನು ಮರೆತಿದ್ದಾರೆ.

ಮುರ್ಕಿಯ ಸಾವಾಗಿ 4 ದಿನಗಳ ತರುವಾಯ, 2018ನೆಯ ಇಸವಿ ಜುಲೈ 17ರಂದು, ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಗುಂಪುಕೊಲೆಗಳ ವಿಷಯವಾಗಿ ತೀರ್ಪುಕೊಟ್ಟು, ಇವುಗಳನ್ನು ತಡೆಯುವದಕ್ಕೆ ಪ್ರತಿ ಜಿಲ್ಲೆಯಲ್ಲಿಯೂ ಹಿರಿಯ ಪೊಲೀಸ್ ಅಧಿಕಾರಿಯೊಬ್ಬನನ್ನು ನೇಮಿಸಬೇಕೆಂದು ಅಪ್ಪಣೆಮಾಡಿತು. ಅದೇ ತಿಂಗಳಲ್ಲಿ ವಾಟ್ಸಾಪಿನವರೂ ಒಂದು ಸುದ್ದಿಯನ್ನು ಒಂದೇ ಸಲಕ್ಕೆ 5 ಕಡೆಗಳಿಗಿಂತ ಹೆಚ್ಚು ಕಳುಹಿಸಲಾಗದಂತೆ ಈ ದೇಶದಲ್ಲಿ ಮಿತಿಯನ್ನು ಹೇಳಿದರು. ಇವು ಒಳ್ಳೆಯವೇ. ಆದರೆ ಅಧಿಕಾರಿಯು ಠಾಣೆಯಲ್ಲಿರುವನು. ಗುರುತಿಲ್ಲದವನು ಬಂದು ನಿಲ್ಲುವದು ನಮ್ಮ ಬೀದಿಯಲ್ಲಿ. ಅಲ್ಲಿರುವವರು ನಾವೇ.

ಆದಕಾರಣ ಗಸ್ತಿಗೆ ಹೋಗುವ ಸಹೋದರರೇ, ಹೊರಡುವ ಮುಂಚೆ ಇಷ್ಟನ್ನು ನಿಮ್ಮನಿಮ್ಮೊಳಗೆ ಮಾತಾಡಿಕೊಳ್ಳಿರಿ. ನಾವು ಕಣ್ಣಾರೆ ಕಂಡೆವೋ, ಕಿವಿಯಾರೆ ಕೇಳಿದೆವೋ? ಪೊಲೀಸರನ್ನು ಕರೆಯುವದಕ್ಕೆ ಸಮಯವಿದೆಯೋ? ಹಿಂದಕ್ಕೆ ಸರಿದರೆ ಯಾರಿಗಾದರೂ ಕೇಡಾಗುವದೋ? ನಮ್ಮಲ್ಲಿ ಸಿಟ್ಟುಳ್ಳವನು ಯಾರು, ಅವನ ಕೈಯಿಂದ ಕೋಲನ್ನು ತೆಗೆದುಕೊಳ್ಳುವವನು ಯಾರು? ಈ ನಾಲ್ಕನೆಯ ಪ್ರಶ್ನೆಗೆ ಹಗಲಿನಲ್ಲಿಯೇ ಉತ್ತರ ಹೇಳಿಕೊಂಡಿರಬೇಕು. ಕತ್ತಲೆಯಲ್ಲಿ ಅದಕ್ಕೆ ಸಮಯ ಸಿಕ್ಕದು. ಗುಂಪಿನಲ್ಲಿ ಒಬ್ಬನಾದರೂ “ನಿಲ್ಲಿರಿ” ಎಂದು ಹೇಳುವ ಧೈರ್ಯವುಳ್ಳವನಾಗಿದ್ದರೆ ಒಂದು ಪ್ರಾಣವು ಉಳಿಯಬಹುದು. ಗುರುತಿಲ್ಲದವನು ಎದುರಾದರೆ ದೂರದಲ್ಲಿಯೇ ನಿಂತು ದೀಪವನ್ನು ಹಿಡಿದು ಮಾತಾಡಿಸಿರಿ. ಅವನ ಹೆಸರನ್ನು ಕೇಳಿರಿ, ನಿಮ್ಮ ಹೆಸರನ್ನೂ ಹೇಳಿರಿ. ನಮ್ಮ ಭಾಷೆ ಬಾರದವನಾದರೆ ಉತ್ತರ ಕೊಡದೆ ನಿಂತಾನು; ಅದನ್ನು ಕಳ್ಳತನವೆಂದು ಎಣಿಸಬೇಡಿರಿ. ಸಂಶಯವು ತೀರದಿದ್ದರೆ 112ಕ್ಕೆ ಫೋನು ಮಾಡಿರಿ. ಪೊಲೀಸರು ಬರುವ ವರೆಗೆ ಅವನನ್ನು ಒಂದು ಜಗಲಿಯ ಮೇಲೆ ಕೂರಿಸಿ, ಕುಡಿಯುವದಕ್ಕೆ ನೀರು ಕೊಡಿರಿ. ಮತ್ತು ಅವನಿಗೂ ಕೋಲು ಹಿಡಿದು ಓಡಿಬರುವವರಿಗೂ ನಡುವೆ ನಿಮ್ಮಲ್ಲಿ ಇಬ್ಬರು ನಿಂತುಕೊಳ್ಳಿರಿ.